ಬಣ್ಣಕ್ಕೆ ಬಣ್ಣ ಕೂಡಿಸುವ ವಿದ್ಯೆ



ಮೋಟಾರು ವಾಹನದ ಮೈಮೇಲೆ ಅಂಗೈಯಗಲದ ಒಂದು ನಗ್ಗು ಬಿದ್ದಾಗ, ಟಿಂಕರಿಂಗ್ ಕೆಲಸದವನು ಅದನ್ನು ಒಳಗಿನಿಂದ ತಟ್ಟಿ ಎಬ್ಬಿಸಿ, ಮೇಲೆ ಪುಟ್ಟಿ ತುಂಬಿ, ವಾಟರ್ ಪೇಪರಿನಿಂದ ತಿಕ್ಕಿ ನುಣುಪು ಮಾಡಿ ಮುಗಿಸಿದ ಮೇಲೆ, ಸುತ್ತಣ ಬಣ್ಣದೊಡನೆ ಗುರುತು ಸಿಗದಂತೆ ಬೆರೆತುಹೋಗುವ ಬಣ್ಣವನ್ನು ಅಲ್ಲಿ ಹಚ್ಚುವುದೊಂದೇ ಉಳಿದ ಕಾರ್ಯವೆಂದು ನೋಡುವವರಿಗೆ ತೋರುತ್ತದೆ. ಆದರೆ ಕೆಲಸದ ಅರ್ಧಕ್ಕಿಂತ ಹೆಚ್ಚಿನ ಕಷ್ಟವು ಅಲ್ಲಿಂದಲೇ ಆರಂಭವಾಗುತ್ತದೆಂಬುದನ್ನು, ಸಂಜೆ ಸಂತೋಷದಿಂದ ಮನೆಗೆ ತಂದ ವಾಹನವನ್ನು ಮರುದಿನದ ಬಿಸಿಲಿನಲ್ಲಿ ನೋಡಿ ಮುಖ ಬಾಡಿಸಿಕೊಂಡವರೆಲ್ಲರೂ ಬಲ್ಲರು. "ಯಾಕ ಮೇಸ್ತ್ರಿ, ಬಾಗಿಲು ಒಂದು ಬಣ್ಣ, ಮಡ್‌ಗಾರ್ಡು ಒಂದು ಬಣ್ಣ ಕಾಣ್ತೈತಲ್ಲ?" ಎಂಬ ಪ್ರಶ್ನೆ ಬಳ್ಳಾರಿಯ ಗ್ಯಾರೇಜುಗಳಲ್ಲಿ ಎಷ್ಟು ಪರಿಚಿತವೋ, "ಕೋಡ್ ಪ್ರಕಾರಾನೇ ತಂದು ಹೊಡ್ದೀನಿ, ಅಣ್ಣಾ" ಎಂಬ ಉತ್ತರವೂ ಅಷ್ಟೇ ಪರಿಚಿತ. ಇಬ್ಬರ ಮಾತೂ ಸತ್ಯ. ಈ ಎರಡು ಸತ್ಯಗಳು ಹೇಗೆ ಒಟ್ಟಿಗೆ ಇರಬಲ್ಲವೆಂಬುದೇ ನಾನು ಇಂದು ವಿಚಾರ ಮಾಡಬೇಕೆಂದಿರುವ ವಿಷಯ.

ಬಹುತೇಕ ವಾಹನಗಳಲ್ಲಿ, ಎಂಜಿನ್ನಿನ ಗೂಡಿನೊಳಗೋ ಮುಂಬಾಗಿಲಿನ ಕಂಬದ ಮೇಲೋ, ಒಂದು ಚಿಕ್ಕ ಫಲಕವುಂಟು. ಅದರಲ್ಲಿ ಬಣ್ಣದ ಸಂಕೇತಾಕ್ಷರಗಳು ಇರುತ್ತವೆ. ಸುಜುಕಿ ವಾಹನಗಳ ಒಂದು ಪ್ರಸಿದ್ಧ ಬಿಳಿಗೆ 26ಯು ಎಂಬ ಸಂಕೇತ, ಬೆಳ್ಳಿಬಣ್ಣವೊಂದಕ್ಕೆ ಜೆಡ್2ಎಸ್ ಎಂಬ ಸಂಕೇತ. ಬಣ್ಣದ ಅಂಗಡಿಯವನು ಆ ಸಂಕೇತವನ್ನು ಗಣಕಯಂತ್ರಕ್ಕೆ ಕೊಟ್ಟರೆ, ಯಾವ ಮೂಲವರ್ಣವನ್ನು ಎಷ್ಟು ಗ್ರಾಂ ಬೆರೆಸಬೇಕೆಂಬ ಸೂತ್ರ ತೆರೆಯ ಮೇಲೆ ಮೂಡುತ್ತದೆ. ಗ್ರಾಮಿನ ಹತ್ತನೆಯ ಒಂದು ಪಾಲನ್ನೂ ತೋರಿಸುವ ತಕ್ಕಡಿಯ ಮೇಲೆ ಅವನು ಅದನ್ನು ತೂಗಿ ಕೊಡುತ್ತಾನೆ. ಇಷ್ಟು ಕರಾರುವಾಕ್ಕಾದ ವ್ಯವಸ್ಥೆಯಿದ್ದೂ ಬಣ್ಣ ಕೂಡದಿರುವುದೇಕೆ? ಕಾರಣವು ಸರಳವಾದುದು. ಫಲಕದ ಮೇಲಿನ ಸಂಕೇತವು ವಾಹನವು ಕಾರ್ಖಾನೆಯಿಂದ ಹೊರಬಿದ್ದ ದಿನದ ಬಣ್ಣವನ್ನು ಹೇಳುತ್ತದೆಯೇ ಹೊರತು, ಆರೇಳು ವರ್ಷ ಬಳ್ಳಾರಿಯ ಬಿಸಿಲಿನಲ್ಲಿ ನಿಂತು ಬಂದ ಮೈಯ ಬಣ್ಣವನ್ನು ಹೇಳುವುದಿಲ್ಲ. ಅದೂ ಅಲ್ಲದೆ, ಒಂದೇ ಸಂಕೇತದ ಬಣ್ಣವು ಒಂದು ಕಾರ್ಖಾನೆಗೂ ಇನ್ನೊಂದಕ್ಕೂ, ಒಂದು ವರ್ಷಕ್ಕೂ ಇನ್ನೊಂದಕ್ಕೂ ಅಲ್ಪಸ್ವಲ್ಪ ಭೇದ ತಾಳುವುದುಂಟು. ಆದುದರಿಂದಲೇ ಬಣ್ಣದ ಸಂಸ್ಥೆಗಳು ಒಂದು ಸಂಕೇತಕ್ಕೆ ಹಲವು ಉಪಸೂತ್ರಗಳನ್ನು ಇಟ್ಟುಕೊಂಡಿರುತ್ತವೆ. ತಿಳಿದ ಅಂಗಡಿಯವನು ಇವುಗಳ ಮಾದರಿ ಬಿಲ್ಲೆಗಳನ್ನು ವಾಹನದ ಮೈಗೆ ಹಿಡಿದು ನೋಡಿಯೇ ಡಬ್ಬಿಗೆ ಕೈ ಹಾಕುತ್ತಾನೆ.

ನಮ್ಮ ಜಿಲ್ಲೆಯ ಬಿಸಿಲು, ಧೂಳುಗಳ ಪ್ರಭಾವವನ್ನು ಬೇರೆ ಊರುಗಳ ಪ್ರಮಾಣದಿಂದ ಅಳೆಯಲಾಗದು. ವೈಶಾಖ ಜ್ಯೇಷ್ಠಗಳಲ್ಲಿ ಉಷ್ಣಮಾನವು 40 ಡಿಗ್ರಿಯನ್ನು ಮೀರುವುದು ಇಲ್ಲಿ ಸಾಮಾನ್ಯ. ಆ ಬಿಸಿಲಿನಲ್ಲಿ ಮುಚ್ಚಿ ನಿಂತ ವಾಹನದ ಛಾವಣಿಯ ತಗಡು ಕೈ ಇಡಲಾಗದಷ್ಟು ಕಾದಿರುತ್ತದೆ. ಸೂರ್ಯನ ಅತಿನೇರಳೆ ಕಿರಣಗಳು ಮೇಲಣ ಪಾರದರ್ಶಕ ಪದರವನ್ನೂ ಅದರಡಿಯ ವರ್ಣಕಣಗಳನ್ನೂ ಅಹರ್ನಿಶಿಯಲ್ಲದಿದ್ದರೂ ಹಗಲೆಲ್ಲ ಸವೆಸುತ್ತವೆ. ಕೆಂಪು ಬಣ್ಣಗಳು ಬೇಗ ಕಂದುತ್ತವೆ, ಬಿಳಿಯು ನಸುಹಳದಿಗೆ ತಿರುಗುತ್ತದೆ. ಇದಕ್ಕೆ ಸೊಂಡೂರು ಹೊಸಪೇಟೆಗಳ ಕಡೆಯಿಂದ ಅದಿರಿನ ಲಾರಿಗಳು ಹೊತ್ತು ತರುವ ಕೆಂಧೂಳು ಸೇರುತ್ತದೆ. 2011ನೆಯ ಇಸವಿಯ ಜುಲೈ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಜಿಲ್ಲೆಯ ಗಣಿಗಾರಿಕೆಯನ್ನು ತಡೆಯುವುದಕ್ಕೆ ಮುಂಚಿನ ವರ್ಷಗಳಲ್ಲಿ, ತೋರಣಗಲ್ಲಿನ ಹಾದಿಯಲ್ಲಿ ಓಡಾಡಿದ ಬಿಳಿಯ ಕಾರುಗಳ ಬಿಳುಪು ಬಿಳುಪಾಗಿ ಉಳಿದಿರಲಿಲ್ಲವೆಂಬುದನ್ನು ಅಂದು ಕಂಡವರು ಮರೆಯಲಾರರು. ಸಿರುಗುಪ್ಪದ ಕಡೆಗೆ ಹೋದರೆ ನೋಟ ಬೇರೆ: ತುಂಗಭದ್ರೆಯ ನೀರು ಕಂಡ ಗದ್ದೆಗಳು, ಎರೆಮಣ್ಣಿನ ಕಪ್ಪು ಕೆಸರು, ಅಕ್ಕಿ ಗಿರಣಿಗಳ ಹೊಟ್ಟಿನ ಬೂದಿ. ಸುಗ್ಗಿಯಲ್ಲಿ ಭತ್ತದ ಲಾರಿ ಟ್ರಾಕ್ಟರುಗಳ ನಡುವೆ ತೂರಿಕೊಂಡು ಹೋಗುವ ಕಾರಿನ ಪಕ್ಕೆಗೆ ಒಂದೆರಡು ಗೀಚುಗಳು ಅನಿವಾರ್ಯ. ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ಜಾತ್ರೆಯ ಸಂದಣಿಯೂ ಅಷ್ಟೇ. ಹೀಗೆ ಒಂದೇ ಸಂಕೇತದ, ಒಂದೇ ವರ್ಷದ ಮೂರು ವಾಹನಗಳನ್ನು ತೋರಣಗಲ್ಲು, ಸಿರುಗುಪ್ಪ, ಕುರುಗೋಡುಗಳಲ್ಲಿ ಹತ್ತು ವರ್ಷ ಇಟ್ಟು ಆಮೇಲೆ ಒಂದೆಡೆ ತಂದು ನಿಲ್ಲಿಸಿದರೆ, ಮೂರೂ ಬೇರೆ ಬೇರೆ ಬಣ್ಣದವಾಗಿ ಕಂಡರೆ ಆಶ್ಚರ್ಯಪಡಬೇಕಾದುದಿಲ್ಲ.

ಕಾಲವು ಮೇಲ್ಮೈಯ ಬಣ್ಣವನ್ನು ಮಾರ್ಪಡಿಸುವ ಈ ಪ್ರಕ್ರಿಯೆಗೆ ನಮ್ಮ ನೆಲದಲ್ಲಿಯೇ ಮಹತ್ತಾದ ಒಂದು ನಿದರ್ಶನವುಂಟು. ಬಳ್ಳಾರಿಯ ಸಮೀಪದಲ್ಲಿ, ಸಂಗನಕಲ್ಲಿಗೆ ಹೊಂದಿಕೊಂಡ ಕಪ್ಪಗಲ್ಲಿನ ಹಿರೇಗುಡ್ಡದಲ್ಲಿ, ಡೋಲರೈಟ್ ಎಂಬ ಕರಿಗಲ್ಲಿನ ಸಾಲಿನ ಮೇಲೆ ನವಶಿಲಾಯುಗದ ಜನರು ಕಲ್ಲಿನಿಂದ ಬಡಿದು ಬಡಿದು ಮೂಡಿಸಿದ ಗೂಳಿಗಳ ಚಿತ್ರಗಳಿವೆ. ಬಂಡೆಯ ಕಪ್ಪಾದ ಹೊರಚರ್ಮವು ಏಟಿಗೆ ಎದ್ದುಹೋಗಿ ಒಳಗಿನ ತಿಳಿಬಣ್ಣ ಹೊರಬಿದ್ದುದರಿಂದ ಆ ಚಿತ್ರಗಳು ಕಾಣಿಸಿಕೊಂಡವು; ಶತಮಾನಗಳು ಉರುಳಿದಂತೆ ಆ ತಿಳಿಬಣ್ಣದ ಮೇಲೂ ಕಪ್ಪು ಮತ್ತೆ ಕವಿಯುತ್ತ ಬಂದಿತು. ಆದುದರಿಂದ ಪುರಾತತ್ತ್ವವೇತ್ತರು ಅಲ್ಲಿಯ ಚಿತ್ರಗಳಲ್ಲಿ ಯಾವುದು ಹಿಂದಿನದು, ಯಾವುದು ಈಚಿನದು ಎಂಬುದನ್ನು ಕಲ್ಲಿನ ಬಣ್ಣದ ಗಾಢತೆಯಿಂದ ಊಹಿಸುತ್ತಾರೆ. ವಾಹನದ ದುರಸ್ತಿಗಾರನ ಮುಂದಿರುವ ಪ್ರಶ್ನೆಯೂ ಇದೇ ಜಾತಿಯದು. ನಿನ್ನೆ ಆದ ಗಾಯಕ್ಕೆ ಅವನು ಏಳು ವರ್ಷದ ಚರ್ಮವನ್ನು ಕೊಡಬೇಕಾಗಿದೆ.

ಹೀಗಿರುವುದರಿಂದ, ಬಣ್ಣವನ್ನು ಹೋಲಿಸುವುದಕ್ಕೆ ಮುಂಚೆ ಮಾಡತಕ್ಕ ಮೊದಲ ಕೆಲಸವೆಂದರೆ ಹಳೆಯ ಮೈಯನ್ನು ತೊಳೆಯುವುದು. ತೊಳೆದು ಬಿಡುವುದಲ್ಲ, ರಬ್ಬಿಂಗ್ ಹಾಕಿ ಪಾಲಿಶ್ ಮಾಡುವುದು. ಮೇಲಿನ ಮಾಸಿದ, ಧೂಳು ಕುಡಿದ, ಕಾಂತಿಗೆಟ್ಟ ಅತ್ಯಂತ ತೆಳುವಾದ ಪದರವನ್ನು ತೆಗೆದಾಗ ಕೆಳಗೆ ಕಾಣುವುದೇ ಆ ವಾಹನದ ಇಂದಿನ ನಿಜವಾದ ಬಣ್ಣ. ಇದನ್ನು ಮಾಡದೆ ಮಾಸಿದ ಮೈಗೆ ಬಣ್ಣ ಕೂಡಿಸಿದವನು, ಮಾಲೀಕನು ಮುಂದೊಂದು ದಿನ ವಾಹನವನ್ನು ಪಾಲಿಶ್ ಮಾಡಿಸಿದೊಡನೆ, ತನ್ನ ಕೆಲಸವು ಎದ್ದು ಕಾಣುವ ಕಲೆಯಾಗುವುದನ್ನು ನೋಡಬೇಕಾಗುತ್ತದೆ. ಆದರೆ ಇದರಲ್ಲಿಯೂ ಸಂಯಮ ಬೇಕು. ಕಾರ್ಖಾನೆಯ ಬಣ್ಣದ ಎಲ್ಲ ಪದರಗಳೂ ಸೇರಿ ಸಾಮಾನ್ಯವಾಗಿ 100ರಿಂದ 130 ಮೈಕ್ರಾನ್ ದಪ್ಪ, ಎಂದರೆ ಒಂದು ಮಿಲಿಮೀಟರಿನ ಎಂಟನೆಯ ಒಂದು ಪಾಲಿನ ಆಸುಪಾಸು. ಅದರಲ್ಲಿ ಮೇಲಿನ ಕ್ಲಿಯರ್ ಎಂಬ ಪಾರದರ್ಶಕ ಪದರದ ಪಾಲು ಮೂರನೆಯ ಒಂದರಷ್ಟು ಮಾತ್ರ. ಪದೇ ಪದೇ ತಿಕ್ಕಿಸುವವನು ಬಿಸಿಲಿಗೆ ಅಡ್ಡವಾಗಿರುವ ತೆರೆಯನ್ನೇ ತೆಗೆಯುತ್ತಿದ್ದಾನೆ.

ಈ ವಿದ್ಯೆಯ ಕಷ್ಟವು ಹಿಂದೆ ಇಷ್ಟಿರಲಿಲ್ಲ. ಫೋರ್ಡ್ ಸಂಸ್ಥೆಯ ಮಾಡೆಲ್ ಟಿ ವಾಹನವು 1914ರಿಂದ 1925ರವರೆಗೆ ಕಪ್ಪು ಬಣ್ಣವೊಂದರಲ್ಲಿಯೇ ಬರುತ್ತಿತ್ತು. ಆ ಕಾಲದ ಕೊನೆಗೆ, 1923-24ರ ಹೊತ್ತಿಗೆ, ಡ್ಯೂಪಾಂಟ್ ಸಂಸ್ಥೆಯು ಡ್ಯೂಕೋ ಎಂಬ ನೈಟ್ರೋಸೆಲ್ಯುಲೋಸ್ ಬಣ್ಣವನ್ನು ತಂದಿತು. ಬೇಗ ಆರುವ, ಗನ್ನಿನಿಂದ ಸಿಂಪಡಿಸಬಹುದಾದ ಈ ಬಣ್ಣದಿಂದ ವಾಹನಗಳು ನಾನಾ ವರ್ಣಗಳನ್ನು ತಳೆದವು. ನಮ್ಮ ದೇಶದ ಅಂಬಾಸಿಡರ್, ಪದ್ಮಿನಿ ಕಾರುಗಳ ದಿನಗಳಲ್ಲಿ ಬಣ್ಣಗಳು ಹೆಚ್ಚಿನಂಶ ಸರಳ ವರ್ಣಗಳು. ಬಿಳಿಯಲ್ಲಿ ಒಂದು ತೊಟ್ಟು ಕಪ್ಪು, ಒಂದು ತೊಟ್ಟು ಹಳದಿ ಬೆರೆಸಿ, ಬೆರಳಿನಿಂದ ಮೈಗೆ ತೀಡಿ ನೋಡಿ, ಕಣ್ಣಿನ ಬಲದಿಂದಲೇ ಬಣ್ಣವನ್ನು ಕೂಡಿಸುವ ಮೇಸ್ತ್ರಿಗಳು ಊರಿಗೊಬ್ಬರಿದ್ದರು. ಅವರ ನೇತ್ರಕೌಶಲವನ್ನು ನಾನು ಇಂದಿಗೂ ಯಂತ್ರಕ್ಕಿಂತ ಕೀಳೆಂದು ಎಣಿಸಲಾರೆ. ಇದನ್ನು ಅಭಿಮಾನದಿಂದ ಹೇಳುತ್ತಿಲ್ಲ. ಯಂತ್ರವು ಕೊಟ್ಟ ಬಣ್ಣವನ್ನು ಕೊನೆಯ ಎರಡು ತೊಟ್ಟುಗಳಿಂದ ತಿದ್ದಿ ದಡಕ್ಕೆ ಮುಟ್ಟಿಸುವುದು ಈಗಲೂ ಅದೇ ಕಣ್ಣು.

ಪರಿಸ್ಥಿತಿಯನ್ನು ಜಟಿಲಗೊಳಿಸಿದ್ದು ಮೆಟಾಲಿಕ್ ಬಣ್ಣ. ಇದರಲ್ಲಿ ಅಲ್ಯೂಮಿನಿಯಂ ಲೋಹದ ಅತಿಸೂಕ್ಷ್ಮ ಚಕ್ಕೆಗಳು ತೇಲುತ್ತಿರುತ್ತವೆ. ಪರ್ಲ್ ಎಂಬ ಜಾತಿಯಲ್ಲಿ ಲೋಹಕ್ಕೆ ಬದಲಾಗಿ ಟೈಟಾನಿಯಂ ಡೈಆಕ್ಸೈಡಿನ ಲೇಪವುಳ್ಳ ಅಭ್ರಕದ ಚಕ್ಕೆಗಳು. ಪ್ರತಿಯೊಂದು ಚಕ್ಕೆಯೂ ಒಂದು ಕಿರುಗನ್ನಡಿಯಾದ್ದರಿಂದ, ಎದುರಿನಿಂದ ನೋಡಿದಾಗ ಕಾಣುವ ಬಣ್ಣ ಒಂದು, ಓರೆಯಿಂದ ನೋಡಿದಾಗ ಕಾಣುವ ಬಣ್ಣ ಇನ್ನೊಂದು. ಎದುರಿನಿಂದ ಸರಿಯಾಗಿ ಕೂಡಿಕೊಂಡ ತೇಪೆಯು, ನೋಡುವವನು ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದೊಡನೆ ಕಪ್ಪಾಗಿ ಕಾಣುವುದಕ್ಕೆ ಇದೇ ಕಾರಣ. ಇಲ್ಲಿ ಡಬ್ಬಿಯೊಳಗಿನ ಬಣ್ಣ ಸರಿಯಿದ್ದರೆ ಸಾಲದು. ಚಕ್ಕೆಗಳು ಮೈಮೇಲೆ ಯಾವ ಭಂಗಿಯಲ್ಲಿ ನೆಲೆಗೊಂಡವೆಂಬುದು ಬಣ್ಣದಷ್ಟೇ ಮುಖ್ಯ. ತೆಳುವಾಗಿ, ಒಣಒಣಗಾಗಿ, ಹೆಚ್ಚು ಗಾಳಿಯೊತ್ತಡದಲ್ಲಿ, ಗನ್ನನ್ನು ದೂರ ಹಿಡಿದು ಸಿಂಪಡಿಸಿದರೆ ಚಕ್ಕೆಗಳು ಮೇಲ್ಭಾಗದಲ್ಲಿಯೇ ಮಲಗಿಕೊಂಡು ಬಣ್ಣವು ಎದುರಿನಿಂದ ಬೆಳ್ಳಗೆ ಕಾಣುತ್ತದೆ. ಹಸಿಯಾಗಿ, ದಪ್ಪವಾಗಿ ಸಿಂಪಡಿಸಿದರೆ ಅವು ಆಳಕ್ಕಿಳಿದು ಅಡ್ಡಾದಿಡ್ಡಿಯಾಗಿ ನಿಂತು ಬಣ್ಣವು ಕಪ್ಪೇರುತ್ತದೆ. ಒಂದೇ ಡಬ್ಬಿಯಿಂದ ಇಬ್ಬರು ಕೆಲಸಗಾರರು ಎರಡು ಬಣ್ಣಗಳನ್ನು ಹುಟ್ಟಿಸಬಲ್ಲರೆಂದರೆ, ಅದರಲ್ಲಿ ಉತ್ಪ್ರೇಕ್ಷೆ ಕಿಂಚಿತ್ತೂ ಇಲ್ಲ.

ಬಳ್ಳಾರಿಯ ಬೇಸಗೆಯು ಪ್ರವೇಶಿಸುವುದು ಇಲ್ಲಿಯೇ. ಬಿಸಿಗಾಳಿಯಲ್ಲಿ ತಿನ್ನರು ಗನ್ನಿನ ಬಾಯಿಂದ ತಗಡಿನವರೆಗೆ ಹೋಗುವಷ್ಟರಲ್ಲಿಯೇ ಬಹುಪಾಲು ಆರಿಹೋಗುತ್ತದೆ. ಮೇಸ್ತ್ರಿಯು ಹಸಿಯಾಗಿಯೇ ಹೊಡೆದೆನೆಂದುಕೊಂಡರೂ ಮೈಮೇಲೆ ಬಿದ್ದುದು ಒಣಪದರ. ಆದುದರಿಂದ ಏಪ್ರಿಲ್ ಮೇ ತಿಂಗಳುಗಳಲ್ಲಿ ಬೆಳ್ಳಿಬಣ್ಣದ ತೇಪೆಗಳು ವಾಡಿಕೆಗಿಂತ ಬೆಳ್ಳಗಾಗುತ್ತವೆ. ಇದಕ್ಕೆ ಪರಿಹಾರವು ನಿಧಾನವಾಗಿ ಆರುವ ಜಾತಿಯ ತಿನ್ನರು, ಮತ್ತು ಮುಂಜಾನೆಯ ತಂಪಿನ ವೇಳೆ. ಆ ಹೊತ್ತಿನಲ್ಲಿ ಗಾಳಿಯೂ ಕಡಿಮೆ. ನೆಲಕ್ಕೆ ನೀರು ಚಿಮುಕಿಸಿದರೆ ಧೂಳೂ ಅಡಗುತ್ತದೆ. ಮಳೆಗಾಲದಲ್ಲಿ ತೊಂದರೆ ತಿರುವುಮುರುವು. ಸಿರುಗುಪ್ಪದ ನೀರಾವರಿ ಪ್ರದೇಶದ ತೇವಭರಿತ ಗಾಳಿಯಲ್ಲಿ, ಇನ್ನೂ ಬಳಕೆಯಲ್ಲಿರುವ ಎನ್.ಸಿ. ಎಂಬ ನೈಟ್ರೋಸೆಲ್ಯುಲೋಸ್ ಬಣ್ಣವನ್ನು ಹೊಡೆದರೆ, ತಿನ್ನರು ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವವು ಅದರ ಮೇಲೆ ಇಳಿದು, ಬಣ್ಣದ ಮೇಲೆ ಮಂಜು ಕವಿದಂತೆ ಬಿಳುಪು ಕಟ್ಟುತ್ತದೆ. ಅಂಥ ದಿನ ಕಂಪ್ರೆಸರನ್ನು ಚಾಲೂ ಮಾಡದಿರುವುದೇ ವಿವೇಕ.

ಇನ್ನು ಬೆಳಕಿನ ವಿಚಾರ. ಟ್ಯೂಬ್‌ಲೈಟಿನ ಕೆಳಗೆ ಒಂದೇ ಆಗಿ ಕಂಡ ಎರಡು ಬಣ್ಣಗಳು ಬಯಲಿನಲ್ಲಿ ಬೇರೆಯಾಗುವುದು ಕಣ್ಣಿನ ಭ್ರಮೆಯಲ್ಲ, ಭೌತಶಾಸ್ತ್ರದ ನಿಯಮ. ಬೇರೆ ಬೇರೆ ವರ್ಣದ್ರವ್ಯಗಳಿಂದ ಕೂಡಿಸಿದ ಎರಡು ಬಣ್ಣಗಳು ಒಂದು ಬೆಳಕಿನಲ್ಲಿ ಕಣ್ಣಿಗೆ ಒಂದೇ ಆಗಿ ಕಂಡು, ಇನ್ನೊಂದು ಬೆಳಕಿನಲ್ಲಿ ಬೇರೆ ಬೇರೆಯಾಗಿ ಕಾಣಬಹುದು. ಮೆಟಾಮೆರಿಸಂ ಎಂದು ಕರೆಯಲ್ಪಡುವುದು ಇದೇ. ಕಾರ್ಖಾನೆಯವರು ಬಳಸಿದ ದ್ರವ್ಯಗಳನ್ನೇ ದುರಸ್ತಿಯ ಬಣ್ಣದಲ್ಲಿಯೂ ಬಳಸಿದ್ದರೆ ಈ ತೊಡಕಿಲ್ಲ, ಆದರೆ ಅಂಗಡಿಯ ಡಬ್ಬಿಗಳಲ್ಲಿ ಅದು ಯಾವಾಗಲೂ ಸಾಧ್ಯವಾಗದು. ಸಾಲದುದಕ್ಕೆ ಕಣ್ಣೂ ಮೋಸಹೋಗುತ್ತದೆ. ಪ್ಯಾರಿಸಿನ ಗೋಬ್ಲ್ಯಾಂ ಚಿತ್ರವಸ್ತ್ರ ಕಾರ್ಯಾಲಯದಲ್ಲಿ ಬಣ್ಣಗಾರಿಕೆಯ ಅಧಿಕಾರಿಯಾಗಿದ್ದ ರಸಾಯನಜ್ಞ ಷೆವ್ರೂಲ್ ಎಂಬಾತನು, ಕಪ್ಪು ದಾರದ ಬಣ್ಣ ಸಾಲದೆಂಬ ದೂರನ್ನು ವಿಚಾರಿಸಹೋಗಿ, ದಾರದಲ್ಲಿ ದೋಷವಿಲ್ಲವೆಂದೂ, ಪಕ್ಕದ ಬಣ್ಣಗಳ ಸನ್ನಿಧಿಯಿಂದ ಕಪ್ಪು ಕಳೆಗುಂದಿ ಕಾಣುತ್ತಿದೆಯೆಂದೂ ಕಂಡುಕೊಂಡನು. ಆ ಶೋಧನೆಯ ಮಹಾಗ್ರಂಥವು 1839ರಲ್ಲಿ ಹೊರಬಂದಿತು. ನಮ್ಮ ಬೆಂಗಳೂರಿನಲ್ಲಿ ಸರ್ ಸಿ. ವಿ. ರಾಮನ್ನರು ತಮ್ಮ ಜೀವಿತದ ಕಡೆಯ ವರ್ಷಗಳನ್ನು ಹೂವುಗಳ ವರ್ಣಕ್ಕೂ ಕಣ್ಣಿನ ವರ್ಣಗ್ರಹಣಕ್ಕೂ ಮೀಸಲಿಟ್ಟು, 1968ರಲ್ಲಿ ದೃಷ್ಟಿಯ ಶರೀರಶಾಸ್ತ್ರವನ್ನು ಕುರಿತು ಒಂದು ಗ್ರಂಥವನ್ನೇ ಪ್ರಕಟಿಸಿದರು. ಅಂಥ ಮಹಾಮತಿಯು ವೃದ್ಧಾಪ್ಯದಲ್ಲಿ ಕೈಗೆತ್ತಿಕೊಂಡ ಸಮಸ್ಯೆಯೇ ನಮ್ಮ ಗ್ಯಾರೇಜಿನ ಹುಡುಗನ ಎದುರಿಗೂ ಪ್ರತಿದಿನ ಬಂದು ನಿಲ್ಲುತ್ತದೆಂಬುದು ನನಗೆ ಆ ಹುಡುಗನ ಮೇಲಿನ ಗೌರವವನ್ನು ಹೆಚ್ಚಿಸಿದೆ.

ಆದುದರಿಂದ ಹೋಲಿಕೆಯನ್ನು ಷೆಡ್ಡಿನ ಒಳಗೆ ಮಾಡಕೂಡದು. ಬೆಳಗಿನ ಒಂಬತ್ತು ಹತ್ತರ ವೇಳೆಗೆ, ನೇರ ಬಿಸಿಲು ಬೀಳದ ಬಯಲಿನ ನೆರಳಿನಲ್ಲಿ, ಕೆಂಪು ಗೋಡೆ, ನೀಲಿ ಟಾರ್ಪಾಲುಗಳಿಂದ ದೂರವಾಗಿ ವಾಹನವನ್ನು ನಿಲ್ಲಿಸಿ ನೋಡಬೇಕು; ಎದುರಿನಿಂದ ಒಮ್ಮೆ, ಎರಡು ಪಕ್ಕಗಳಿಂದ ಒಮ್ಮೊಮ್ಮೆ. ಎವೆಯಿಕ್ಕದೆ ದಿಟ್ಟಿಸಿದರೆ ಕಣ್ಣು ದಣಿದು ಭೇದವನ್ನು ಕಾಣಲಾರದಾಗುತ್ತದೆ; ಕ್ಷಣಕಾಲ ನೋಡಿ, ಬೂದುಬಣ್ಣದ ಯಾವುದಾದರೂ ವಸ್ತುವಿನ ಮೇಲೆ ದೃಷ್ಟಿ ಹೊರಳಿಸಿ, ಮತ್ತೆ ನೋಡುವುದು ಮೇಲು.

ಕುರುಗೋಡಿನಿಂದ ಬಳ್ಳಾರಿಗೆ 30 ಕಿಲೋಮೀಟರಿನ ಆಸುಪಾಸು, ಸಿರುಗುಪ್ಪದಿಂದ 50ಕ್ಕೂ ಮಿಕ್ಕ ದಾರಿ. ಸಣ್ಣ ಊರಿನ ಗ್ಯಾರೇಜಿನವರು ಬಣ್ಣ ಬೆರೆಸುವ ಯಂತ್ರವುಳ್ಳ ಬಳ್ಳಾರಿಯ ಅಂಗಡಿಗೆ ವಾಹನವನ್ನೇ ಒಯ್ಯುವ ಬದಲು ಪೆಟ್ರೋಲ್ ಟ್ಯಾಂಕಿನ ಹೊರಮುಚ್ಚಳವನ್ನು ಬಿಚ್ಚಿಕೊಂಡು, ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಹೊರಡುವ ಪದ್ಧತಿಯುಂಟು. ಇದು ಬಹಳ ಬುದ್ಧಿವಂತಿಕೆಯ ಪದ್ಧತಿ. ಆದರೆ ಆ ಮುಚ್ಚಳವನ್ನೂ ಮೊದಲು ಪಾಲಿಶ್ ಮಾಡಿರಬೇಕು, ಮತ್ತು ಅದು ವಾಹನದ ಪಕ್ಕೆಯ ಬಣ್ಣಕ್ಕೆ ಸಾಕ್ಷಿಯೇ ಹೊರತು ಬಿಸಿಲುಂಡ ಛಾವಣಿ ಬಾನೆಟ್ಟುಗಳ ಬಣ್ಣಕ್ಕಲ್ಲವೆಂಬುದನ್ನು ನೆನಪಿಡಬೇಕು. ಬಂಪರಿನ ಬಣ್ಣವನ್ನಂತೂ ಮಾದರಿಯಾಗಿ ಒಯ್ಯಲೇಬಾರದು. ಕಬ್ಬಿಣದ ಮೈಯ ಬಣ್ಣವನ್ನು ಕಾರ್ಖಾನೆಯಲ್ಲಿ 140 ಡಿಗ್ರಿಯ ಆಸುಪಾಸಿನ ಕಾವಿನಲ್ಲಿ ಬೇಯಿಸುತ್ತಾರೆ. ಪ್ಲಾಸ್ಟಿಕ್ಕಿನ ಬಂಪರು ಆ ಕಾವನ್ನು ತಾಳದಾದ್ದರಿಂದ ಅದರ ಬಣ್ಣವೇ ಬೇರೆ ಬಗೆಯದು, ಕಾವೂ ಕಡಿಮೆ. ಹೊಸ ಕಾರುಗಳಲ್ಲಿಯೂ ಬಂಪರಿಗೂ ಮಡ್‌ಗಾರ್ಡಿಗೂ ಒಂದು ಎಳೆಯಷ್ಟು ವ್ಯತ್ಯಾಸ ಕಾಣುವುದು ಇದರಿಂದಲೇ.

ಅಂಗಡಿಯಿಂದ ತಂದ ಬಣ್ಣವನ್ನು ನೇರವಾಗಿ ವಾಹನದ ಮೇಲೆ ಹೊಡೆಯುವ ಆತುರವೇ ಹೆಚ್ಚಿನ ಅನರ್ಥಗಳಿಗೆ ಮೂಲ. ಅಂಗೈಯಗಲದ ತಗಡಿನ ತುಂಡೊಂದಕ್ಕೆ ವಾಹನಕ್ಕೆ ಹಚ್ಚಿದ ಪ್ರೈಮರನ್ನೇ ಹಚ್ಚಿ, ಅದೇ ಗನ್ನು, ಅದೇ ಒತ್ತಡ, ಅದೇ ಕೈಯಿಂದ ಬೇಸ್ ಕೋಟ್ ಎಂಬ ಬಣ್ಣದ ಪದರವನ್ನು ಹೊಡೆದು, ಮೇಲೆ ಕ್ಲಿಯರನ್ನೂ ಹೊಡೆದು, ಆರಿದ ಮೇಲೆ ಮೈಗೆ ಹಿಡಿದು ನೋಡಬೇಕು. ಕ್ಲಿಯರಿಲ್ಲದ ಬೇಸ್ ಕೋಟ್ ಮಂಕಾಗಿ, ತಿಳಿಯಾಗಿ ಕಾಣುತ್ತದೆ. ಕ್ಲಿಯರು ಬಿದ್ದೊಡನೆ ಅದು ಗಾಢವಾಗುತ್ತದೆ. ಪ್ರೈಮರಿನ ಬಣ್ಣವೂ ಅಲಕ್ಷ್ಯ ಮಾಡತಕ್ಕದ್ದಲ್ಲ. ಕೆಂಪು, ಹಳದಿಗಳಿಗೆ ಮುಚ್ಚುವ ಶಕ್ತಿ ಕಡಿಮೆಯಾದ್ದರಿಂದ, ಕೆಳಗೆ ರೆಡ್ ಆಕ್ಸೈಡ್ ಇದೆಯೋ ಬೂದುಬಣ್ಣವಿದೆಯೋ ಎಂಬುದು ಮೇಲೆ ಇಣುಕುತ್ತದೆ. ಆ ರೆಡ್ ಆಕ್ಸೈಡಾದರೂ ಏನು? ಸೊಂಡೂರಿನ ಬೆಟ್ಟಗಳನ್ನು ಕೆಂಪಾಗಿಸಿರುವ ಹೆಮಟೈಟ್ ಅದಿರಿನ ಸಾರವಾದ ಕಬ್ಬಿಣದ ಆಕ್ಸೈಡೇ ಅದರ ವರ್ಣದ್ರವ್ಯ. ಬಿಳಿಯ ಕಾರನ್ನು ಮಾಸಿಸುವ ಧೂಳೂ, ತಗಡನ್ನು ತುಕ್ಕಿನಿಂದ ಕಾಯುವ ಲೇಪವೂ ರಸಾಯನದೃಷ್ಟಿಯಿಂದ ಒಂದೇ ಕುಲದವು.

ಇಷ್ಟೆಲ್ಲ ಎಚ್ಚರ ವಹಿಸಿದರೂ ಬಣ್ಣವು ನೂರಕ್ಕೆ ನೂರು ಕೂಡುವುದಿಲ್ಲ. ಕೂಡಬೇಕಾದ ಅಗತ್ಯವೂ ಇಲ್ಲ. ಈ ವಿದ್ಯೆಯ ಹೃದಯಭಾಗವೆಂದು ನಾನು ಭಾವಿಸಿರುವುದು ಇದನ್ನೇ. ಎರಡು ಬಣ್ಣಗಳು ಒಂದು ಗೆರೆಯಲ್ಲಿ ಸಂಧಿಸಿದರೆ ಅತ್ಯಲ್ಪ ಭೇದವನ್ನೂ ಕಣ್ಣು ಹಿಡಿದುಬಿಡುತ್ತದೆ. ಅದೇ ಭೇದವು ಒಂದು ಮೊಳದ ಅಂತರದಲ್ಲಿ ಕ್ರಮೇಣ ಕರಗಿಹೋದರೆ ಅದೇ ಕಣ್ಣಿಗೆ ಅದು ಗೋಚರಿಸದು. ಆದುದರಿಂದ ಬಾಗಿಲಿನ ಅಂಚಿನವರೆಗೆ ಮಾಸ್ಕಿಂಗ್ ಟೇಪು ಅಂಟಿಸಿ ಬಾಗಿಲನ್ನಷ್ಟೇ ಬಳಿಯುವುದಕ್ಕಿಂತ, ಗಾಯದ ಮೇಲೆ ಪೂರ್ಣವಾಗಿ, ಅದರಾಚೆಗೆ ತೆಳುವಾಗಿ, ಪಕ್ಕದ ಮಡ್‌ಗಾರ್ಡಿನ ಮೇಲೆ ಇನ್ನೂ ತೆಳುವಾಗಿ ಬಣ್ಣವನ್ನು ಹರಡಿ, ಕ್ಲಿಯರನ್ನು ಮಾತ್ರ ಎರಡು ಭಾಗಗಳಿಗೂ ಅಂಚಿನಿಂದ ಅಂಚಿಗೆ ಹೊಡೆಯುವುದು ಉತ್ತಮ ಮಾರ್ಗ. ಇದಕ್ಕೆ ಬಣ್ಣ ಹೆಚ್ಚು, ಕ್ಲಿಯರು ಹೆಚ್ಚು, ಅರ್ಧ ದಿನದ ದುಡಿಮೆ ಹೆಚ್ಚು. "ನಗ್ಗಿದ್ದು ಬಾಗಿಲು, ಮಡ್‌ಗಾರ್ಡಿಗೆ ಯಾಕ ದುಡ್ಡು?" ಎಂದು ಕೇಳುವ ಮಾಲೀಕರಿಗೆ ನಾನು ವಿನಯದಿಂದ ತಿಳಿಸುವುದೇನೆಂದರೆ, ಆ ಹಣವು ಮಡ್‌ಗಾರ್ಡಿಗಲ್ಲ, ಎರಡರ ನಡುವಣ ಗೆರೆ ಕಾಣದಿರುವುದಕ್ಕೆ. ಇದಕ್ಕೆ ಬೇಸತ್ತು ಇಡೀ ವಾಹನಕ್ಕೆ ಹೊಸ ಬಣ್ಣ ಹೊಡೆಸಿಬಿಡುವೆನೆನ್ನುವವರೂ ಉಂಟು. 140 ಡಿಗ್ರಿಯಲ್ಲಿ ಬೆಂದ ಕಾರ್ಖಾನೆಯ ಬಣ್ಣದ ಗಟ್ಟಿತನವನ್ನು 60 ಡಿಗ್ರಿಯಲ್ಲೋ ಬರಿಯ ಬಿಸಿಲಿನಲ್ಲೋ ಆರಿಸಿದ ಬಣ್ಣವು ಪಡೆಯಲಾರದು; ಅಂಗೈಯಗಲದ ಗಾಯಕ್ಕಾಗಿ ಇಡೀ ಚರ್ಮವನ್ನು ಬಿಡಿಸುವುದು ನಷ್ಟವೆಂದೇ ನನ್ನ ನಿಶ್ಚಿತ ಅಭಿಪ್ರಾಯ.

ಬಣ್ಣ ಹೊಡೆಯುವವನ ಶ್ವಾಸದ ವಿಷಯವನ್ನು ಹೇಳದೆ ಭಾಷಣವನ್ನು ಮುಂದುವರಿಸಲು ಮನಸ್ಸು ಬಾರದು. ಈಗಿನ ಕ್ಲಿಯರ್ ಕೋಟಿಗೆ ಬೆರೆಸುವ ಹಾರ್ಡ್‌ನರಿನಲ್ಲಿ ಐಸೊಸಯನೇಟ್ ಎಂಬ ದ್ರವ್ಯವಿರುತ್ತದೆ. ಸಿಂಪಡಿಸಿದಾಗ ಅದರ ತುಂತುರು ಶ್ವಾಸಕೋಶವನ್ನು ಹೊಕ್ಕು ಜೀವಮಾನವಿಡೀ ಬಿಡದ ಉಬ್ಬಸವನ್ನು ತರಬಲ್ಲದು. ಒಮ್ಮೆ ಆ ದೋಷ ಮೈಗೆ ಹತ್ತಿದ ಮೇಲೆ ಅತ್ಯಲ್ಪ ಪ್ರಮಾಣವೂ ಉಸಿರು ಕಟ್ಟಿಸುತ್ತದೆ. ಮುಖಕ್ಕೆ ಕಟ್ಟಿದ ಟವಲು ಧೂಳನ್ನು ತಡೆದೀತು, ಈ ವಿಷವನ್ನು ತಡೆಯದು. ಹೊರಗಿನ ಶುದ್ಧವಾಯುವನ್ನು ಕೊಳವೆಯಿಂದ ತರುವ ಮುಖವಾಡವು ಶ್ರೇಷ್ಠ; ಅದಿಲ್ಲದಲ್ಲಿ ಇದ್ದಿಲಿನ ಕಾರ್ಟ್ರಿಜ್ ಇರುವ, ಮುಖಕ್ಕೆ ಬಿಗಿಯಾಗಿ ಕೂಡುವ ಮುಖವಾಡವಾದರೂ ಇರಲೇಬೇಕು, ಮತ್ತು ಆ ಕಾರ್ಟ್ರಿಜನ್ನು ಕಾಲಕಾಲಕ್ಕೆ ಬದಲಿಸುತ್ತಿರಬೇಕು. ಗ್ಯಾರೇಜಿನ ಯಜಮಾನರು ಇದನ್ನು ಖರ್ಚಿನ ಬಾಬ್ತಿನಲ್ಲಿ ಕಡೆಯದಾಗಿ ಬರೆಯಬಾರದೆಂದು ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ. ಅಪ್ರೆಂಟಿಸ್ ಹುಡುಗರಿಗಂತೂ ಮುಖವಾಡವಿಲ್ಲದೆ ಗನ್ನನ್ನು ಕೈಗೆ ಕೊಡಲೇಕೂಡದು.

ಕೆಲಸ ಮುಗಿದ ಮೇಲೆ ಉಳಿದ ಬೇಸ್ ಕೋಟನ್ನು, ಹಾರ್ಡ್‌ನರು ಬೆರೆಸದೆ ಉಳಿದದ್ದನ್ನು ಮಾತ್ರ, ಮುಚ್ಚಳ ಬಿಗಿಯಾದ ಗಾಜಿನ ಶೀಶೆಯಲ್ಲಿ ತುಂಬಿ ಮಾಲೀಕನ ಕೈಗೆ ಕೊಡುವ ರೂಢಿಯನ್ನು ನಮ್ಮ ಊರುಗಳಲ್ಲಿ ಬೆಳೆಸಬೇಕು. ಶೀಶೆಯ ಮೇಲೆ ಒಂದು ಚೀಟಿ: ವಾಹನದ ಬಣ್ಣದ ಸಂಕೇತ, ಆರಿಸಿದ ಉಪಸೂತ್ರ, ಮೇಸ್ತ್ರಿಯು ತನ್ನ ಕಣ್ಣಳತೆಯಿಂದ ಕಡೆಯಲ್ಲಿ ಸೇರಿಸಿದ ತೊಟ್ಟುಗಳು ಯಾವ ಬಣ್ಣದವು, ಎಷ್ಟು, ಮತ್ತು ತಾರೀಖು. ಹೊಸ ಬಣ್ಣವು ಒಳಗಿನವರೆಗೆ ಗಟ್ಟಿಯಾಗಲು ಕೆಲವು ವಾರಗಳು ಬೇಕಾಗುವುದರಿಂದ ಅಷ್ಟು ದಿನ ಮೇಣದ ಪಾಲಿಶ್ ಹಾಕಬಾರದೆಂಬ ಸೂಚನೆಯನ್ನೂ ಅದರಲ್ಲಿಯೇ ಬರೆದರೆ ಒಳ್ಳೆಯದು. ಮುಂದಿನ ಗೀಚು ಬಿದ್ದಾಗ, ಆ ವಾಹನವು ಸಿರುಗುಪ್ಪದಲ್ಲಿರಲಿ, ಕುರುಗೋಡಿನಲ್ಲಿರಲಿ, ಬೇರೊಬ್ಬ ಮೇಸ್ತ್ರಿಯು ಆ ಚೀಟಿಯಿಂದಲೇ ಕೆಲಸವನ್ನು ಆರಂಭಿಸಬಹುದು.